ಗಾಜಿನಾಚೆಯ ಅಣ್ಣ

ಬೆಳಿಗ್ಗೆ ರೇಡಿಯೋದಲ್ಲಿ ಅವಳು "ಹೇಳಿ, ಕೇಳ್ತಿದ್ದೀನಿ" ಅಂದರೆ ಸಾಕು, ನಲ್ಲಿ ನೀರಿನಿಂದ ಹಿಡಿದು ಅತ್ತೆಯ ಕಾಟದವರೆಗೆ ಜನ ಫೋನ್ ಮಾಡಿ ಮನಸ್ಸು ಬಿಚ್ಚುತ್ತಿದ್ದರು. ಗಾಜಿನಾಚೆ ಕೂತು ಆ ಫೋನುಗಳನ್ನೆತ್ತಿ ಅವಳಿಗೆ ಜೋಡಿಸುತ್ತಿದ್ದವನು ಸೌಂಡ್ ಎಂಜಿನಿಯರ್. ಮೈಕಿನ ಮುಂದೆ ಗಂಟಲು ಒಣಗದಂತೆ ಮಾತಾಡಲು ಕಲಿಸಿದವನೂ ಅವನೇ. ಅವನನ್ನು ಅವಳು ಅಣ್ಣ ಅನ್ನುತ್ತಿದ್ದಳು, ಬರೀ ಬಾಯಿಮಾತಿಗಲ್ಲ.

ಊರಾಚೆ ಬಣ್ಣದ ಕಾರ್ಖಾನೆ ನಡೆಸುವ ಧಣಿ ಮೊದಲು ಊರಿಗಿದ್ದ ಒಂದೇ ಪತ್ರಿಕೆ ಕೊಂಡ, ಆಮೇಲೆ ಟೀವಿ ಚಾನೆಲ್, ಮನೆಮನೆಗೆ ಇಂಟರ್ನೆಟ್ ಕೊಡುವ ಕಂಪನಿ. ಕೊನೆಗೆ ಅವಳ ರೇಡಿಯೋ.

"ಯಾರು ಕೊಂಡ್ರೇನಮ್ಮ, ನಿನ್ನ ಕಾರ್ಯಕ್ರಮಕ್ಕೆ ಯಾರೂ ಕೈ ಹಾಕಲ್ಲ. ನಾನಿದ್ದೀನಲ್ಲ," ಎಂದಿದ್ದ ಅಣ್ಣ.

ಆಮೇಲೆ ಬಂದ ಫೋನುಗಳಲ್ಲಿ ಹೊಸ ಬಸ್ ನಿಲ್ದಾಣ ಚೆನ್ನಾಗಿದೆ, ನಿಮ್ಮ ದನಿ ಇಂಪಾಗಿದೆ ಎನ್ನುವವರೇ. ಜನ ನೆಮ್ಮದಿಯಾಗಿದ್ದಾರೆಂದು ಅವಳೂ ಹಿಗ್ಗಿದಳು.

ಒಂದು ಸಂಜೆ ಬಟ್ಟೆ ಹೊಲಿಸಲು ಹೋದಾಗ, ಅವಳ ದನಿ ಕೇಳಿ ದರ್ಜಿ ಹೆಂಗಸು ಯಂತ್ರ ನಿಲ್ಲಿಸಿದಳು.

"ರೇಡಿಯೋದವ್ರು ನೀವೇ ತಾನೆ? ಕಾರ್ಖಾನೆ ನೀರು ನಮ್ಮ ಬಾವಿಗೆ ಸೇರಿ ಮಗು ಮೈಯೆಲ್ಲ ಗುಳ್ಳೆ ಎದ್ದಿದೆ. ದಿನಾ ಫೋನ್ ಮಾಡ್ತೀನಿ. ಕಾರ್ಖಾನೆ ಅಂದ ತಕ್ಷಣ ನಿಮ್ಮವನು ಫೋನ್ ಕುಕ್ತಾನೆ. ನಮ್ಮ ಬೀದಿಯವರಿಗೆಲ್ಲ ಹಾಗೇ ಆಗಿದೆ."

ಫೋನ್ ಎತ್ತುವವನು ಅಣ್ಣನೊಬ್ಬನೇ.

ಮರುದಿನ ಅವಳು ಅಣ್ಣನಿಗೆ ಏನೂ ಹೇಳದೆ ದರ್ಜಿಯನ್ನು ಕರೆತಂದು ಪಕ್ಕದಲ್ಲೇ ಕೂರಿಸಿಕೊಂಡಳು. ಮಾತು ಊರಿಗೆ ಕೇಳುತ್ತಿದೆ ಎನ್ನುವ ಕೆಂಪು ದೀಪ ಹತ್ತಿತು. ದರ್ಜಿ ಬಾವಿ, ಮಗು, ಧಣಿಯ ಹೆಸರು, ಒಂದನ್ನೂ ಬಿಡದೆ ಹೇಳಿ ಅತ್ತಳು. ಗಾಜಿನಾಚೆ ಅಣ್ಣ ತಲೆ ತಗ್ಗಿಸಿ ಕೂತಿದ್ದ, ತಡೆಯಲಿಲ್ಲ. ಅವಳ ಸಿಟ್ಟು ಅರ್ಧ ಇಳಿದೇ ಹೋಯಿತು. ಎಷ್ಟಾದರೂ ಅಣ್ಣ.

ಅವಳೂ ದರ್ಜಿಯೂ ಹೊರಬಂದರೆ ಕಾವಲುಗಾರನ ರೇಡಿಯೋದಲ್ಲಿ ಯಾವುದೋ ಹಳೆಯ ಹಾಡು.

"ಏನಮ್ಮ, ಇವತ್ತು ನಿಮ್ಮ ಮಾತೇ ಇಲ್ಲ? ಆಗಿಂದ ಬರೀ ಹಾಡೇ," ಎಂದ ಅವನು.

ಅವಳು ಒಳಗೆ ಓಡಿದಳು. ಅಣ್ಣ ತಂತಿ ಸುತ್ತುತ್ತಿದ್ದ.

"ದೀಪ ಹಾಕಿ ಆಡಿಸಿದ್ಯಾ ನಮ್ಮನ್ನ?"

"ನಿನ್ನ ಕೆಲಸ ಉಳಿಸಿದೀನಿ ಕಣಮ್ಮ."

"ಉಳಿಸು ಅಂತ ನಾನು ಕೇಳಿದ್ನಾ? ಪತ್ರಿಕೆಗೆ ಹೋಗಿ ಹೇಳ್ತೀನಿ."

"ಯಾವ ಪತ್ರಿಕೆ?" ಎಂದ ಅಣ್ಣ. ಅದರಲ್ಲಿ ಕುಹಕವಿರಲಿಲ್ಲ, ನಿಜಕ್ಕೂ ಕೇಳಿದ್ದ. ಅವಳು ಕಿವಿಗೆ ಹಾಕುವ ಹೆಡ್‌ಫೋನನ್ನು ಅವನ ಮೇಜಿನ ಮೇಲಿಟ್ಟು ಬಂದುಬಿಟ್ಟಳು.

ಅಷ್ಟರಲ್ಲಿ ದರ್ಜಿ ರಸ್ತೆ ದಾಟಿದ್ದಳು. ಅವಳು ಹಿಂದೆಯೇ ಓಡಿ ದರ್ಜಿಯ ಕೈ ಹಿಡಿದಳು.

"ನಂಗೆ ಗೊತ್ತಿರ್ಲಿಲ್ಲ ಅಕ್ಕಾ. ಕೆಲಸ ಬಿಟ್ಟು ಬಂದೆ."

ದರ್ಜಿ ಕೈ ಕೊಸರಿಕೊಂಡಳು. "ಅವನು ಫೋನ್ ಕುಕ್ಕಿದ, ಅಷ್ಟೇ. ಮನೆ ಸಂಕಟಾನೆಲ್ಲ ಹೇಳಿಸಿ ಅಳಿಸಿದ್ದು ನೀವು. ಯಾರಿಗೆ ತೋರಿಸೋಕೆ?"

ಬಸ್ಸು ಬಂತು. ದರ್ಜಿ ಹತ್ತಿ, ಆಚೆ ಬದಿಯ ಸೀಟಿನಲ್ಲಿ ಕೂತಳು.