ಟವೆಲಿನ ಕೆಳಗಿನ ಕೈ

ಬಿಸಿ ಹಂಚಿನ ಅಂಚಿಗೆ ಬೆರಳು ತಾಗಿಸಿಕೊಂಡೇ ನನ್ನ ಗಂಡ ಮಾತಾಡುತ್ತಿದ್ದರು. ಚರ್ಮ ಸುಟ್ಟ ವಾಸನೆ ನನಗೆ ಬಂತು. ಬೆಳಗಾವಿ ರೈಲು ಮತ್ತೆ ತಡವಾದ ಸುದ್ದಿಯಲ್ಲಿ ಆ ಮನುಷ್ಯನಿಗೆ ಮೈಮೇಲೆ ಖಬರಿರಲಿಲ್ಲ. ಸಟ್ಟನೆ ಕೈ ಎಳೆದು ನೋಡಿದೆ. ಬಲಗೈಯ ಕೊನೆಯ ಎರಡು ಬೆರಳಿನ ಮೇಲೆ ಬೊಬ್ಬೆ ಎದ್ದಿತ್ತು. ಮಣಿಕಟ್ಟಿನ ಹತ್ತಿರ ಬಿಳಚಿಕೊಂಡ ಒಂದು ಮಚ್ಚೆಯೂ ಇತ್ತು.

"ಉರಿಯೂದಿಲ್ಲೇನ್ರಿ?"

"ಇಲ್ಲ. ದೀಪಾವಳಿಯಿಂದ ಹಿಂಗ ಐತಿ. ನೀ ಸುಮ್ನಿರು."

ಸುಮ್ಮನಿರಬೇಕಂತೆ. ಬೆರಳು ತಿನ್ನುವ ಆ ರೋಗದ ಹೆಸರನ್ನು ನಾನೂ ಬಾಯಿಗೆ ತರಲಿಲ್ಲ, ಅವರೂ ತರಲಿಲ್ಲ. ಸಾಲು ಖೋಲಿಗಳ ನಮ್ಮ ಇಡೀ ಚಾಳಿಗೆ ಇರುವುದು ಒಂದೇ ನಳ. ಮೂಲೆ ಖೋಲಿಯ ಕಾಶವ್ವನ ಕಿವಿಗೆ ಸುದ್ದಿ ಬಿದ್ದರೆ ಸಂಜೆಯೊಳಗೆ ನನ್ನ ಕೊಡವನ್ನು ಯಾರೂ ನಳದ ಹತ್ತಿರ ಸೇರಿಸುವುದಿಲ್ಲ.

ಗಂಡನ ಹೆಸರು ಹೇಳಬಾರದು. ಬೈಕುಲ್ಲಾ ಮಾರ್ಕೆಟ್ಟಿನವರು ಮುರಿಗೆಪ್ಪ ದಲಾಲಿ ಅನ್ನುತ್ತಾರೆ, ಅವರು ಅಂದದ್ದನ್ನು ನಾನು ಹೇಳುತ್ತಿದ್ದೇನೆ ಅಷ್ಟೆ. ನಮ್ಮ ಬೆಳಗಾವಿ ಕಡೆಯ ರೈತರು ಕಳಿಸುವ ಹಸಿಮೆಣಸಿನಕಾಯಿಯನ್ನು ಇಳಿಸಿಕೊಂಡು ಮಾರಿಸಿಕೊಡುವುದು ಅವರ ಕೆಲಸ. ಅಲ್ಲಿ ದರವನ್ನು ಬಾಯಲ್ಲಿ ಹೇಳುವ ಹಾಗಿಲ್ಲ. ಕೊಳ್ಳುವವನೂ ದಲಾಲಿಯೂ ಬಲಗೈ ಕೂಡಿಸುತ್ತಾರೆ, ಮೇಲೆ ಟವೆಲು ಹೊದಿಸುತ್ತಾರೆ. ತೋರುಬೆರಳಿನಿಂದ ಶುರುಮಾಡಿ ಎಷ್ಟು ಬೆರಳು ಹಿಡಿದರೆ ಬುಟ್ಟಿಗೆ ಅಷ್ಟು ರೂಪಾಯಿ. ಪಕ್ಕದಲ್ಲಿ ನಿಂತವನಿಗೂ ಅದು ತಿಳಿಯಬಾರದು. ಕೊನೆಯ ಎರಡು ಬೆರಳು ಸತ್ತ ಮೇಲೆ ಎರಡು ಹಿಡಿದರೂ ನಾಲ್ಕು ಹಿಡಿದರೂ ಇವರಿಗೆ ಎರಡೇ.

"ಮತ್ತ ಇಷ್ಟು ದಿನ ಹೆಂಗ ನಡಸಿದ್ರಿ?" ಎಂದೆ.

"ಅವರ ಕಣ್ಣು ಮಾರಿ ನೋಡಿ ತಿಳ್ಕೊತೀನಿ. ಹಳೇ ಗಿರಾಕಿಗಳು. ಎಷ್ಟರ ಮ್ಯಾಲ ಬಂದು ನಿಂತಾರ ಅಂತ ಮಾರಿ ಹೇಳತೈತಿ."

"ಎಡಗೈ ಕೊಡ್ರಿ."

"ಎಡಗೈಲೆ ಯಾರರ ಯಾಪಾರ ಮಾಡ್ತಾರೇನು? ನಿನ್ನ ತಲಿ."

"ಹಂಗಾರ ದವಾಖಾನಿಗೆ ನಡೀರಿ."

ಅವರು ತಟ್ಟೆ ಸರಿಸಿದರು. "ದವಾಖಾನಿ ಬಾಗಲದಾಗ ಮಾರ್ಕೆಟ್ಟಿನವರು ನೋಡಿದ್ರ, ನಾಳಿಂದ ನನ್ನ ಕೈ ಯಾರು ಹಿಡೀತಾರ? ದಲಾಲಿಗೆ ಹೊಲ ಇಲ್ಲ, ಅಂಗಡಿ ಇಲ್ಲ. ಇದೊಂದು ಕೈ ಐತಿ."

ಆ ಕೈಯನ್ನು ಮುಂಜಾನೆಯಿಂದ ಎಷ್ಟೋ ಮಂದಿ ಹಿಡಿಯುತ್ತಾರೆ, ಅವರ ಮನೆಗಳಲ್ಲೂ ಮಕ್ಕಳಿದ್ದಾರೆ ಅನ್ನಿಸಿತು. ಅನ್ನಿಸಿದ್ದನ್ನು ನುಂಗಿಕೊಂಡೆ.

ಮರುದಿನ ಅವರು ಹೋದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಒಳಗೆ ಹೊರಗೆ ಓಡಾಡಿ ಸಾಕಾಗಿ, ಬುತ್ತಿ ಕೊಡುವ ನೆಪ ಮಾಡಿಕೊಂಡು ಮಾರ್ಕೆಟ್ಟಿಗೆ ನಡೆದೆ. ಅವರ ಕಟ್ಟೆಯ ಮೇಲೆ ನಮ್ಮೂರ ಕಡೆಯ ದೊಡ್ಡ ರೈತ ಶಂಕ್ರೆಪ್ಪ ಕೂತಿದ್ದ. ಈಚೆಗೆ ತನ್ನ ಮಾಲಿಗೆ ದರ ಯಾಕೆ ಸರಿಯಾಗಿ ಬರುತ್ತಿಲ್ಲ ಎಂದು ನೋಡಲು ರೈಲು ಹತ್ತಿ ತಾನೇ ಬಂದಿದ್ದ. ಅವನ ಬುಟ್ಟಿಗಳು ಮುಂದೆ ಸಾಲಾಗಿದ್ದವು. ಸೆಕೆಗೆ ಮೇಲಿನ ಕಾಯಿ ಆಗಲೇ ಬಾಡುತ್ತಿದ್ದವು. ಈ ರೈತ ಕೈಬಿಟ್ಟರೆ ಉಳಿದವರೂ ಅವನ ಹಿಂದೆಯೇ ಹೋಗುತ್ತಾರೆಂದು ನನಗೆ ಗೊತ್ತಿತ್ತು.

ಅಷ್ಟರಲ್ಲಿ ಸದಾನಂದ ಬಂದ. ಉಡುಪಿ ಕಡೆಯವನು, ಗ್ರಾಂಟ್ ರೋಡಿನ ಹೋಟೆಲುಗಳಿಗೆ ತರಕಾರಿ ಹಾಕುವವನು, ಇವರ ಹಳೆಯ ಗಿರಾಕಿ. ಹಲ್ಲುನೋವಿಗೆ ಕೆನ್ನೆ ಊದಿತ್ತು. ಗದ್ದದಿಂದ ನೆತ್ತಿಯವರೆಗೆ ಬಟ್ಟೆ ಬಿಗಿದುಕೊಂಡಿದ್ದ. ಆ ಮಾರಿಯಲ್ಲಿ ಏನು ಓದುವುದು?

ಕೈ ಕೂಡಿಸಿದರು. ಟವೆಲು ಬಿತ್ತು. ಇವರು ಅವನ ಮಾರಿಯನ್ನೇ ನೋಡಿದರು, ಆಗದೆಂದು ತಲೆಯಾಡಿಸಿದರು. ಟವೆಲು ಅಲುಗಿತು. ಮತ್ತೆ ತಲೆಯಾಡಿಸಿದರು.

"ಎಂತ ಮುರಿಗೆಪ್ಪನವರೇ, ಇದಕ್ಕೂ ಆಗುದಿಲ್ವಾ?" ಬಟ್ಟೆಯೊಳಗಿಂದ ಸದಾನಂದ ನರಳಿದ.

"ಆಗಂಗಿಲ್ಲ. ಮ್ಯಾಲ ಬರ್ರಿ."

"ಇದಕ್ಕಿಂತ ಮೇಲೆ ಎಲ್ಲಿಗೆ ಬರುದು ಮಾರಾಯ್ರೆ? ಬಿಡಿ, ನಾನು ಬೇರೆ ಕಡೆ ನೋಡ್ತೇನೆ."

ಶಂಕ್ರೆಪ್ಪ ಎದ್ದು ನಿಂತ. "ಎಷ್ಟಕ್ಕ ಕೇಳಾಕತ್ತಾನ?" ಇವರು ಸದಾನಂದನ ಮಾರಿಯಿಂದ ಕಣ್ಣು ಕೀಳಲಿಲ್ಲ. ಕಿವಿಯ ಹಿಂದೆ ಬೆವರು ಇಳಿಯುತ್ತಿತ್ತು. ಒಳ್ಳೆಯ ದರ ಕೈಯಲ್ಲೇ ಇದೆ, ಅದೇ ಇವರಿಗೆ ತಿಳಿಯುತ್ತಿಲ್ಲ ಎಂದು ನನಗೆ ಖಾತ್ರಿಯಾಯಿತು. ಸದಾನಂದ ಕೈ ಬಿಟ್ಟು ಹೋದರೆ ಮುಗಿಯಿತು. ಸಿಟ್ಟು ಬಂತು, ಹೆದರಿಕೆಯೂ ಬಂತು, ಯಾವುದು ಮೊದಲು ಬಂತೋ ಕಾಣೆ. ನುಗ್ಗಿ ಹೋಗಿ ಟವೆಲು ಎಳೆದುಬಿಟ್ಟೆ.

ಆ ಮಾರ್ಕೆಟ್ಟಿನಲ್ಲಿ ಗಂಡಸರೂ ಮಾಡದ ಕೆಲಸ ಅದು. ಸುತ್ತಲಿನ ಗಲಾಟೆ ನಿಂತಿತು. ಸದಾನಂದನ ಮುಷ್ಟಿಯಲ್ಲಿ ನಾಲ್ಕೂ ಬೆರಳಿದ್ದವು. ಇವರು ಮಾತ್ರ ಇನ್ನೂ ಅವನ ಮಾರಿ ನೋಡುತ್ತ, "ಎರಡಕ್ಕ ಹೆಂಗ ಕೊಡ್ಲಿ?" ಎಂದರು. ಆಮೇಲೆ ತಮ್ಮ ಕೈ ನೋಡಿಕೊಂಡರು.

ಬೊಬ್ಬೆ ಒಡೆದು ಸದಾನಂದನ ಅಂಗೈ ಒದ್ದೆಯಾಗಿತ್ತು. ಅವನು ಬೊಬ್ಬೆ ನೋಡಿದ, ಮಚ್ಚೆ ನೋಡಿದ. ಕೈ ಬಿಟ್ಟು ಪಂಚೆಗೆ ಒರೆಸಿಕೊಂಡ. ಮತ್ತೊಮ್ಮೆ ಒರೆಸಿಕೊಂಡ. ಕೆಟ್ಟ ಮಾತೊಂದನ್ನೂ ಆಡಲಿಲ್ಲ. "ನಾಲ್ಕಕ್ಕೆ ನಾನು ತಗೊಳ್ತೇನೆ" ಎಂದು ಶಂಕ್ರೆಪ್ಪನಿಗೆ ಹೇಳಿದ, ಇವರಿಗಲ್ಲ. ಅವನು ಬೈದಿದ್ದರೆ ನಾನೂ ನಾಲ್ಕು ಮಾತು ಅಂದು ಹಗುರಾಗುತ್ತಿದ್ದೆ.

ಶಂಕ್ರೆಪ್ಪ ದೂರದಿಂದಲೇ, "ಚೊಲೋ ಡಾಕ್ಟರಗ ತೋರ್ಸ್ರಿ, ಮುರಿಗೆಪ್ಪ" ಅಂದ. ಹಮಾಲರನ್ನು ಕರೆದು ಬುಟ್ಟಿಗಳನ್ನು ಪಕ್ಕದ ದಲಾಲಿಯ ಕಟ್ಟೆಗೆ ಹೊರಿಸಿದ. ಕೊನೆಯ ಬುಟ್ಟಿ ಹೋಗುವವರೆಗೆ ಇವರು ಅಲ್ಲೇ ನಿಂತು ನೋಡಿದರು. ಆ ಕೈಯನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ.

"ಇನ್ನೇನ ಮುಚ್ಚಿಡೂದು ಉಳದೈತ್ರಿ? ದವಾಖಾನಿಗೆ ನಡೀರಿ" ಎಂದೆ. ಹೊಡೆಯುತ್ತಾರೆಂದುಕೊಂಡಿದ್ದೆ. ಚಪ್ಪಲಿ ಮೆಟ್ಟಿ ನಡೆದರು. ಜನ ಎರಡೂ ಕಡೆ ಸರಿದು ದಾರಿ ಬಿಟ್ಟರು. ಅವರು ಸರಿದದ್ದು ನೋಡಿ ನನಗೆ ಮೈಯೆಲ್ಲ ಉರಿಯಿತು. ಮದುವೆಯಾದಾಗಿನಿಂದ ಬೀದಿಯಲ್ಲಿ ಗಂಡನ ಕೈ ಹಿಡಿದವಳಲ್ಲ ನಾನು. ಎಲ್ಲರ ಎದುರಿಗೇ ಆ ಎರಡು ಸತ್ತ ಬೆರಳು ಹಿಡಿದುಕೊಂಡು ಪಕ್ಕದಲ್ಲಿ ನಡೆದೆ.

ದೊಡ್ಡ ರಸ್ತೆ ಬಂತು. ಟ್ರಾಮಿನ ಗಂಟೆ ಕೇಳಿ ಅವರು ನಿಂತರು. ಕಣ್ಣು ಹಳಿಯ ಮೇಲಿತ್ತು.

"ಚನ್ನವ್ವಾ, ಕೈ ಹಿಡ್ಕೋ. ಟ್ರಾಮ್ ಬರಾಕತ್ತೈತಿ."

"ಹಿಡ್ಕೊಂಡೀನ್ರಿ" ಎಂದೆ.

ಅವರು ತಲೆ ಬಗ್ಗಿಸಿ ನೋಡಿದರು.