ಮೂರರ ಮೇಲಿನ ಬಿರುಕು

ಮಿಲ್ಲಿನಲ್ಲಿ ಅವಳನ್ನು ಎಲ್ಲರೂ ಹದ್ದಕ್ಕ ಅಂತಲೇ ಕರೆಯುತ್ತಿದ್ದರು. ನೇಯ್ದು ಬಂದ ಬಟ್ಟೆ ದೀಪದ ಗಾಜಿನ ಮೇಜಿನ ಮೇಲೆ ನಿಮಿಷಕ್ಕೆ ಹದಿನೆಂಟು ಮೀಟರಿನಂತೆ ಹರಿಯುವಾಗ, ತುಂಡಾದ ಒಂದು ಎಳೆಯಾಗಲಿ ಸಾಸಿವೆಯಷ್ಟು ಎಣ್ಣೆಯ ಕಲೆಯಾಗಲಿ ಅವಳ ಕಣ್ಣು ತಪ್ಪಿಸಿ ಹೋಗುತ್ತಿರಲಿಲ್ಲ. ಕಂಡ ಕೂಡಲೇ ಪೆಡಲು ಒತ್ತಿ ಯಂತ್ರ ನಿಲ್ಲಿಸುವುದು, ತಪ್ಪಿನ ನೇರಕ್ಕೆ ಅಂಚಿಗೊಂದು ಕೆಂಪು ದಾರ ಕಟ್ಟುವುದು, ಮತ್ತೆ ಪೆಡಲು. ಹನ್ನೆರಡು ವರ್ಷದಿಂದ ಇದೇ ಕೆಲಸ. ಇಂಥ ಹದ್ದಕ್ಕ ಅಂಗೈಯಗಲದ ಒಂದು ಪರದೆಯಲ್ಲಿದ್ದ ತಪ್ಪನ್ನು ಎರಡು ತಿಂಗಳು ಕಾಣದೆ ಹೋದಳು ಅಂದರೆ ಯಾರೂ ನಂಬಲಿಕ್ಕಿಲ್ಲ. ಆದದ್ದು ಮಾತ್ರ ಹಾಗೇ.

ಬಟ್ಟೆ ತಪಾಸಣೆಯವರ ಕಣ್ಣು ಹದಿನೈದು ವರ್ಷಕ್ಕಿಂತ ಹೆಚ್ಚು ಬಾಳುವುದು ಆ ಮಿಲ್ಲಿನಲ್ಲಿ ಅಪರೂಪವಾಗಿತ್ತು. ಕಣ್ಣು ಸೋತವರು ಪ್ಯಾಕಿಂಗ್ ಕೊಠಡಿಗೆ ಹೋಗುತ್ತಿದ್ದರು, ಅಲ್ಲಿಂದ ಯಾರೂ ಮೇಲೆ ಬಂದಿರಲಿಲ್ಲ. ಹಿಂದಿನ ವರ್ಷ ಕಣ್ಣಿನ ಪರೀಕ್ಷೆಯಲ್ಲಿ ಕೊನೆಯ ಸಾಲಿನ ಅಕ್ಷರಗಳನ್ನು ಓದಲು ಅವಳು ತಡವರಿಸಿದ್ದಳು. ಯಾರಿಗೂ ಹೇಳಲಿಲ್ಲ. ಮನೆಗೆ ಬಂದು ಲೆಕ್ಕ ಹಾಕಿದಳು: ಮಿಲ್ಲಿನ ಪ್ರಯೋಗಾಲಯ ಸೇರಬೇಕಾದರೆ ಜವಳಿ ತಂತ್ರಜ್ಞಾನದ ಪದವಿ ಬೇಕು. ಸಂಜೆ ಕಾಲೇಜಿನಲ್ಲಿ ಅದಿದೆ. ಸೇರಲು ಗಣಿತದ ಪ್ರವೇಶ ಪರೀಕ್ಷೆ, ಅದರಲ್ಲಿ ನೂರಕ್ಕೆ ಅರವತ್ತು ಬರಬೇಕು. ಮೂವತ್ತೈದು ತುಂಬಿದವರಿಗೆ ಅವಕಾಶವಿಲ್ಲ. ಅವಳಿಗೆ ತುಂಬಲು ಏಳು ತಿಂಗಳಿತ್ತು, ಪರೀಕ್ಷೆ ವರ್ಷಕ್ಕೊಂದೇ ಸಲ.

ಪಾಠ ಹೇಳಲು ಮೇಲಿನ ಮಹಡಿಯಲ್ಲೇ ಗುರು ಸಿಕ್ಕಿದಳು. ಅಕ್ಕನ ಮಗಳು, ಹತ್ತೊಂಬತ್ತು ವರ್ಷ, ಕಾಲೇಜಿನ ಎರಡನೇ ವರ್ಷ. ಬಾಯಿ ಸ್ವಲ್ಪ ಜೋರು. ತನ್ನ ಹಳೆಯ ಗ್ರಾಫ್ ಕ್ಯಾಲ್ಕುಲೇಟರನ್ನು ಚಿಕ್ಕಮ್ಮನ ಕೈಗಿಟ್ಟು, "ಸಮೀಕರಣ ಒತ್ತಿದ್ರೆ ಗೆರೆ ತಾನೇ ಎಳೆಯತ್ತೆ. ಪ್ರಶ್ನೆಗೆ ಎರಡೇ ನಿಮಿಷ. ಕೈಲೆಕ್ಕ ಮಾಡ್ತಾ ಕೂತ್ರೆ ಮುಗೀತು ನಿನ್ನ ಕಥೆ. ಪರದೆ ನಂಬು," ಅಂದಳು.

ಮೊದಲ ಪಾಳಿ ಮುಗಿಸಿ ಮೂರು ಗಂಟೆಗೆ ಬಂದವಳೇ ಮೆಟ್ಟಿಲ ತಿರುವಿನ ಸಣ್ಣ ಮೇಜಿಗೆ ಕೂರುತ್ತಿದ್ದಳು. ಪರದೆಯ ಮೇಲೆ ಗೆರೆ ಎಡದಿಂದ ಬಲಕ್ಕೆ ಮೂಡುವುದನ್ನು ನೋಡುವುದು ಅವಳಿಗೆ ಇಷ್ಟವಾಯಿತು, ಎಷ್ಟಾದರೂ ಹರಿಯುವುದನ್ನು ನೋಡಿಯೇ ಬದುಕಿದವಳು. ಪರದೆಯ ಅಗಲ ಎಷ್ಟಿರಬೇಕೆಂದು ಹುಡುಗಿಯೇ ಹೊಂದಿಸಿ ಕೊಟ್ಟಿದ್ದಳು: ಎಡಕ್ಕೆ ಋಣ ನಾಲ್ಕು ಪಾಯಿಂಟ್ ಏಳು, ಬಲಕ್ಕೆ ನಾಲ್ಕು ಪಾಯಿಂಟ್ ಏಳು. "ಹೀಗಿಟ್ರೆ ಒಂದೊಂದು ಚುಕ್ಕೆಗೂ ಸರಿಯಾಗಿ ಹತ್ತನೇ ಒಂದು. ಭಾಗಿಸೋ ಸಂಖ್ಯೆ ಎಲ್ಲಿ ಸೊನ್ನೆ ಆಗತ್ತೋ ಅಲ್ಲಿ ಗೆರೆ ಕಡಿದುಹೋಗತ್ತೆ. ಎಳೆ ತುಂಡಾದ ಹಾಗೆ. ನಿನಗೆ ಇದನ್ನ ಹೇಳ್ಕೊಡ್ಬೇಕಾ?"

ಹೇಳಿಕೊಡಬೇಕಾಗಿರಲಿಲ್ಲ. ತುಂಡಾದ ಎಳೆ ಹುಡುಕುವುದು ತನ್ನ ಕಸುಬು ಅಂತ ಅವಳೂ ಅಂದುಕೊಂಡಿದ್ದಳು. ಆದರೆ ಮನೆಯಲ್ಲಿ ಬರೆದ ಮೂರು ಮಾದರಿ ಪರೀಕ್ಷೆಗಳಲ್ಲಿ ಬಂದದ್ದು ಐವತ್ತೊಂದು, ಐವತ್ತನಾಲ್ಕು, ಐವತ್ತೆರಡು.

"ಚಿಕ್ಕಮ್ಮಾ, ಗೆರೆ ಕಡಿಯೋ ಪ್ರಶ್ನೆ ಐದಿವೆ. ಐದೂ ತಪ್ಪು!" ಹುಡುಗಿ ಹಾಳೆಯನ್ನು ಮೇಜಿಗೆ ಬಡಿದಳು. "ಇಲ್ಲಿ ಉತ್ತರ ಋಣ ಒಂದು. ನೀನು ಬರ್ದಿರೋದು ಋಣ ಒಂದು ಮತ್ತೆ ಮೂರು. ಇಲ್ಲಿ ಎರಡು. ನೀನು ಎರಡು ಮತ್ತೆ ಮೂರು. ಈ ಮೂರು ಎಲ್ಲಿಂದ ಬಂತು? ನಿನ್ನ ತವರಿಂದ ತಂದ್ಯಾ?"

"ಪರದೆ ಮೇಲಿತ್ತು ಕಣೇ."

"ಬ್ರಾಕೆಟ್ ಬಿಟ್ಟಿರ್ತೀಯ. ಒಂದು ಬ್ರಾಕೆಟ್ ತಪ್ಪಿದ್ರೆ ಅದು ಬೇರೇನೋ ಗೆರೆ ಎಳೆಯತ್ತೆ."

ಅಂದಿನಿಂದ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬ್ರಾಕೆಟ್ ಹಾಕಿದಳು. ಬೇಕಾದಲ್ಲಿ ಹಾಕಿದಳು, ಬೇಡವಾದಲ್ಲೂ ಹಾಕಿದಳು. ಮೂರು ಹೋಗಲಿಲ್ಲ. ತಪ್ಪು ಉತ್ತರಕ್ಕೆ ಅರ್ಧ ಅಂಕ ಕಳೆಯುತ್ತಿದ್ದುದರಿಂದ ಸರಿಯಾಗಿ ಗೊತ್ತಿದ್ದ ಪ್ರಶ್ನೆಗಳನ್ನೂ ಮುಟ್ಟಲು ಹೆದರತೊಡಗಿದಳು. ಪರೀಕ್ಷೆಗೆ ಹದಿಮೂರು ದಿನ ಉಳಿದಿರುವಾಗ, ತನ್ನ ತಲೆಗೆ ಇದು ಹತ್ತುವುದಲ್ಲ ಅನ್ನುವ ತೀರ್ಮಾನಕ್ಕೆ ಬಂದೂ ಆಗಿತ್ತು. ಬಾಯಿ ಬಿಟ್ಟು ಹೇಳಿರಲಿಲ್ಲ, ಅಷ್ಟೆ.

ಮರುದಿನ ಮಿಲ್ಲಿನಲ್ಲಿ ಪಕ್ಕದ ಮೇಜಿನ ಹತ್ತಿರ ಗಲಾಟೆಯಾಯಿತು. ಅಲ್ಲಿ ವಾರದ ಹಿಂದೆ ಸೇರಿದ್ದ ಒಬ್ಬ ಹೆಂಗಸು, ಹದ್ದಕ್ಕನಿಗಿಂತ ನಾಲ್ಕೈದು ವರ್ಷ ದೊಡ್ಡವಳು, ಬಟ್ಟೆಯ ಒಂದೇ ಥಾನಿಗೆ ಹದಿನಾಲ್ಕು ಕೆಂಪು ದಾರ ಕಟ್ಟಿ ಕೂತಿದ್ದಳು. ಥಾನಿನ ಅಂಚು ಜಾತ್ರೆಯ ಕುದುರೆಯ ಹಾಗೆ ಕಾಣುತ್ತಿತ್ತು. ಮೇಸ್ತ್ರಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ.

"ಇದನ್ನ ಮಗ್ಗಕ್ಕೆ ವಾಪಸ್ ಕಳಿಸಿದ್ರೆ ಅವರು ನನ್ನನ್ನೇ ನೇಯ್ದು ಬಿಡ್ತಾರೆ. ಹದ್ದಕ್ಕಾ, ಸ್ವಲ್ಪ ನೋಡು ಬಾ."

ಅವಳು ಬಂದು ಬಟ್ಟೆಯನ್ನು ಒಂದು ಗೇಣು ಮುಂದಕ್ಕೆ ಎಳೆದಳು. ಬಟ್ಟೆಯಲ್ಲಿ ಕಾಣುತ್ತಿದ್ದ ಕಪ್ಪು ಚುಕ್ಕೆ ಇದ್ದಲ್ಲೇ ಇತ್ತು. ಬಟ್ಟೆ ಎತ್ತಿ, ಉಗುರಿನಿಂದ ಗಾಜು ಕೆರೆದಳು. ಅಂಟಿನ ಒಂದು ಹನಿ ಎದ್ದು ಬಂತು.

"ಮೊದಲ ದಿನವೇ ಹೇಳಿದ್ನಲ್ಲಮ್ಮ. ಕಲೆ ಕಂಡ್ರೆ ಬಟ್ಟೆ ಎಳೀಬೇಕು. ಬಟ್ಟೆ ಜೊತೆ ಹೋದ್ರೆ ಬಟ್ಟೇದು. ಕೂತಲ್ಲೇ ಕೂತ್ರೆ ಮೇಜಿಂದು."

"ಹೇಳಿದ್ರಿ. ಆದ್ರೆ ಪ್ರತಿ ಸಲ ಅದೇ ಜಾಗದಲ್ಲಿ ಬರ್ತಿತ್ತಲ್ಲಕ್ಕ, ಮಗ್ಗದಲ್ಲೇ ಏನೋ ಆಗಿದೆ ಅಂದ್ಕೊಂಡೆ."

"ಪ್ರತಿ ಸಲ ಅದೇ ಜಾಗ ಅಂದ್ರೇನೇ..." ಅಂದವಳು ಅಲ್ಲಿಗೇ ನಿಂತಳು. ಬೆರಳ ತುದಿಯಲ್ಲಿ ಅಂಟಿನ ಹನಿ ಇನ್ನೂ ಇತ್ತು. ಋಣ ಒಂದು ಮತ್ತೆ ಮೂರು. ಎರಡು ಮತ್ತೆ ಮೂರು.

ಊಟದ ಗಂಟೆಗೆ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ. ಕೈಚೀಲದಿಂದ ಕ್ಯಾಲ್ಕುಲೇಟರ್ ತೆಗೆದು ಎಲ್ಲಕ್ಕಿಂತ ಸಾದಾ ಗೆರೆಯೊಂದನ್ನು ಎಳೆಸಿದಳು, ಭಾಗಾಕಾರವೇ ಇಲ್ಲದ್ದು. ಅದೂ ಮೂರರ ಮೇಲೆ ಕಡಿದಿತ್ತು. ಪರದೆಯ ಎರಡೂ ತುದಿಯ ಸಂಖ್ಯೆಗಳಿಗೆ ಒಂದೊಂದು ಕೂಡಿಸಿದಳು. ಬಟ್ಟೆ ಎಳೆದಂತೆ ಗೆರೆ ಎಡಕ್ಕೆ ಹತ್ತು ಚುಕ್ಕೆ ಸರಿಯಿತು. ಬಿರುಕು ಸರಿಯಲಿಲ್ಲ. ಕೂತಲ್ಲೇ ಕೂತಿತ್ತು, ಈಗ ಅದು ನಾಲ್ಕರ ಮೇಲೆ. ಕಣ್ಣು ಸಣ್ಣ ಮಾಡಿ ನೋಡಿದರೆ ಕೆಳಗಿನ ಅಕ್ಷರೇಖೆಯೂ ಅದೇ ಜಾಗದಲ್ಲಿ ಕಡಿದಿತ್ತು. ಪರದೆಯಲ್ಲಿ ಮೇಲಿಂದ ಕೆಳಕ್ಕೆ ಒಂದು ಸಾಲು ಚುಕ್ಕೆ ಸತ್ತುಹೋಗಿತ್ತು. ಬರೀ ಅಂಕಿ ಬರುವಾಗ ಆ ಸಾಲು ಎರಡು ಅಂಕಿಗಳ ನಡುವಿನ ಖಾಲಿ ಜಾಗಕ್ಕೆ ಬೀಳುತ್ತಿದ್ದುದರಿಂದ ಯಾರಿಗೂ ಕಂಡಿರಲಿಲ್ಲ.

ಅವಳಿಗೆ ಅಳು ಬರಬೇಕಿತ್ತು, ನಗು ಬಂತು. ಎರಡು ತಿಂಗಳಿಂದ ಮೇಜಿನ ಕಲೆಗೆ ದಾರ ಕಟ್ಟುತ್ತಾ ಕೂತವಳು ತಾನು!

ಮನೆಗೆ ಬಂದವಳೇ ಮೆಟ್ಟಿಲ ಕೆಳಗಿನಿಂದ ಕೂಗಿದಳು. "ಇದನ್ನ ಎಲ್ಲಿ ಬೀಳಿಸಿದ್ದೆ?"

ಹುಡುಗಿ ಮೇಲಿನ ಕಟಕಟೆಯಿಂದ ಬಗ್ಗಿದಳು. "ಯಾವುದನ್ನ?"

"ನಾಟಕ ಬೇಡ."

"ಇದೇ ಮೆಟ್ಟಿಲಿಂದ. ಹೋದ ವರ್ಷ. ಏಳು ಮೆಟ್ಟಿಲು ಉರುಳ್ತು. ಆದ್ರೆ ಚೆನ್ನಾಗೇ ಇತ್ತು ಚಿಕ್ಕಮ್ಮ, ಅಂಕಿ ಎಲ್ಲಾ ಸರಿಯಾಗಿ ಬರ್ತಿತ್ತು!"

ತೋರಿಸಿದ ಮೇಲೆ ಅವಳ ಮುಖ ಸಪ್ಪಗಾಯಿತು. "ಬ್ರಾಕೆಟ್ ಬ್ರಾಕೆಟ್ ಅಂತ ನಿನ್ನ ಪ್ರಾಣ ತಿಂದೆನಲ್ಲ," ಅಂದಳು. ತನ್ನ ಹೊಸ ಕ್ಯಾಲ್ಕುಲೇಟರನ್ನೇ ಕೊಡಲು ಹೋದಳು, ಆದರೆ ಪರೀಕ್ಷೆಯ ನಿಯಮದ ಹಾಳೆಯಲ್ಲಿ ಆ ಮಾದರಿಗೆ ಅನುಮತಿ ಇರಲಿಲ್ಲ. ಅದು ಸಮೀಕರಣವನ್ನು ತಾನೇ ಬಿಡಿಸಿಬಿಡುತ್ತಿತ್ತು.

"ಇದೇ ಇರಲಿ ಬಿಡು," ಅಂದಳು ಚಿಕ್ಕಮ್ಮ. "ಎಲ್ಲಿ ಕುಂಟುತ್ತೆ ಅಂತ ಗೊತ್ತಾಯ್ತಲ್ಲ." ಸತ್ತ ಸಾಲಿನ ನೇರಕ್ಕೆ ಪರದೆಯ ಚೌಕಟ್ಟಿನ ಮೇಲೆ ಒಂದು ಚೂರು ಕೆಂಪು ದಾರ ಅಂಟಿಸಿದಳು. ಉಳಿದ ಹನ್ನೆರಡು ದಿನ ಮೂರರ ಬಿರುಕನ್ನು ಕಂಡರೂ ಕಾಣದವಳ ಹಾಗೆ ದಾಟಿ ಹೋಗುವುದನ್ನು ರೂಢಿಸಿಕೊಂಡಳು. ನಾಲ್ಕನೇ ಮಾದರಿ ಪರೀಕ್ಷೆಯಲ್ಲಿ ಅರವತ್ತೆರಡು ಬಂತು.

ಪರೀಕ್ಷೆಯ ಕೋಣೆಯ ಬಾಗಿಲಲ್ಲಿ ಮೇಲ್ವಿಚಾರಕರು ಒಬ್ಬೊಬ್ಬರ ಕ್ಯಾಲ್ಕುಲೇಟರನ್ನೂ ತೆಗೆದುಕೊಂಡು ಅದರ ನೆನಪು (ಮೆಮೊರಿ) ಅಳಿಸುತ್ತಿದ್ದರು. ಅವಳದನ್ನು ಹಿಡಿದು ಹುಬ್ಬೇರಿಸಿದರು.

"ಏನಮ್ಮ ಇದು, ದಾರ?"

"ಅಲ್ಲಿ ಪರದೆ ಕೆಟ್ಟಿದೆ ಸರ್. ಗುರುತಿಗೆ."

"ಗುರುತು ಗಿರುತು ಏನೂ ಇರೋ ಹಾಗಿಲ್ಲ." ದಾರವನ್ನು ಕಿತ್ತು, ಊದಿ ಹಾರಿಸಿದರು. "ಹೋಗಿ ಕೂತ್ಕೊಳ್ಳಿ. ಆಲ್ ದಿ ಬೆಸ್ಟ್."

ನೆನಪು ಅಳಿಸಿದ್ದರಿಂದ ಪರದೆಯ ಅಗಲವೂ ಬದಲಾಗಿತ್ತು. ನಾಲ್ಕು ಪಾಯಿಂಟ್ ಏಳುಗಳನ್ನು ಮತ್ತೆ ಹೊಂದಿಸಿಕೊಂಡು ಶುರುಮಾಡಿದಳು.

ನಲವತ್ತೆಂಟನೆಯದು ಗೆರೆ ಕಡಿಯುವ ಪ್ರಶ್ನೆ. ಮೇಲೆ x ವರ್ಗದಿಂದ x ಕಳೆದು ಆರು ಕಳೆದದ್ದು. ಕೆಳಗೆ x ಘನದಿಂದ ನಾಲ್ಕು x ವರ್ಗ ಕಳೆದು, ನಾಲ್ಕು x ಕೂಡಿಸಿ, ಮೂರು ಕಳೆದ ಉದ್ದನೆಯ ಛೇದ. ಎಷ್ಟು ಕಡೆ ಕಡಿಯುತ್ತದೆ? ಒತ್ತಿದಳು. ದಿಬ್ಬದಂತೆ ಏರಿ ಇಳಿದ ನಯವಾದ ಗೆರೆ ಬಂತು. ಮೂರರ ಮೇಲೆ ಒಂದು ಬಿರುಕು ಬಿಟ್ಟರೆ ಎಲ್ಲೂ ಕಡಿದಿರಲಿಲ್ಲ. ಆ ಬಿರುಕು ಹಳೆಯ ಪರಿಚಯದ್ದೇ. 'ಎಲ್ಲೂ ಇಲ್ಲ' ಅನ್ನುವ ಉತ್ತರದ ವೃತ್ತದ ಮೇಲೆ ಪೆನ್ಸಿಲ್ ಇಟ್ಟಳು.

ಇಟ್ಟವಳು ತುಂಬಲಿಲ್ಲ. ಮಿಲ್ಲಿನಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ತಾನು ಬಿಡುತ್ತಿದ್ದಳೇ? ಮೇಜಿನ ಕಲೆ ಅಂತ ಗೊತ್ತಿದ್ದರೂ, ಅದರ ಮೇಲೇ ಬಟ್ಟೆಯ ತೂತು ಬಂದು ಕೂತಿರಬಹುದಲ್ಲ. ಎಳೆದು ನೋಡದೆ ಹೇಳುವುದು ಹೇಗೆ? ಗಡಿಯಾರದಲ್ಲಿ ಆರು ನಿಮಿಷವಿತ್ತು, ಇನ್ನೆರಡು ಪ್ರಶ್ನೆ ಬಾಕಿ.

ಎರಡೂ ತುದಿಗೆ ಒಂದೊಂದು ಕೂಡಿಸಿ ಎಳೆದಳು.

ಬಿರುಕು ಎರಡಾಯಿತು. ಒಂದು ಗಾಜಿನ ಮೇಲೆ ಕೂತಲ್ಲೇ ಕೂತಿತು. ಇನ್ನೊಂದು ಗೆರೆಯ ಜೊತೆಗೇ ಹತ್ತು ಚುಕ್ಕೆ ಎಡಕ್ಕೆ ಹೊರಟಿತು.

ಛೇದದಲ್ಲಿ ಮೂರನ್ನು ಹಾಕಿ ಕೈಯಿಂದಲೂ ಬರೆದಳು: ಇಪ್ಪತ್ತೇಳು, ಕಳೆ ಮೂವತ್ತಾರು, ಕೂಡು ಹನ್ನೆರಡು, ಕಳೆ ಮೂರು. ಸೊನ್ನೆ. 'ಒಂದು ಕಡೆ' ಅನ್ನುವ ವೃತ್ತವನ್ನು ಗುಂಡಗೆ ತುಂಬಿದಳು. ಅವಳಿಗೇ ತಿಳಿಯದಂತೆ ಗಂಟಲಿಂದ ನಗು ಹೊರಟಿರಬೇಕು, ಮೇಲ್ವಿಚಾರಕರು ತಲೆಯೆತ್ತಿ ನೋಡಿದರು. ಕೊನೆಯ ಎರಡು ಪ್ರಶ್ನೆಗಳಲ್ಲಿ ಒಂದು ಮುಗಿಯಿತು, ಇನ್ನೊಂದು ಖಾಲಿ ಉಳಿಯಿತು.

ಫಲಿತಾಂಶ ಬಂದದ್ದು ಇಪ್ಪತ್ತೆರಡು ದಿನದ ಮೇಲೆ, ಬೆಳಿಗ್ಗೆ ಹನ್ನೊಂದಕ್ಕೆ. ಪಾಳಿಯಲ್ಲಿ ಫೋನ್ ತೆಗೆಯುವ ಹಾಗಿರಲಿಲ್ಲ, ಹುಡುಗಿ ಬಿಡದೆ ಐದು ಸಲ ಮಾಡಿದ್ದಳು. ಹದ್ದಕ್ಕ ಪೆಡಲು ಒತ್ತಿ ಯಂತ್ರ ನಿಲ್ಲಿಸಿದಳು.

"ಅರವತ್ತೊಂದು!" ಅತ್ತ ಕಡೆಯಿಂದ ಕಿರುಚು. "ಚಿಕ್ಕಮ್ಮಾ, ಅರವತ್ತೊಂದು! ಆ ನಲವತ್ತೆಂಟನೇದು ತಪ್ಪಿದ್ರೆ ಎರಡು ಹೋಗಿ ಮೇಲೆ ಅರ್ಧ ಹೋಗ್ತಿತ್ತು. ಐವತ್ತೆಂಟೂವರೆಗೆ ಬಿದ್ದಿರ್ತಿದ್ದೆ. ಕೇಳಿಸ್ತಾ? ಏನಾದ್ರೂ ಹೇಳು!"

"ಕೇಳಿಸ್ತು. ಆ ಮೆಟ್ಟಿಲ ಮೇಲೆ ಕುಣೀಬೇಡ, ಬೀಳ್ತೀಯ."

ಫೋನ್ ಇಟ್ಟು ತಿರುಗಿದರೆ ಪಕ್ಕದ ಮೇಜಿನವಳು ಯಂತ್ರ ನಿಲ್ಲಿಸಿ ಕಾಯುತ್ತಿದ್ದಳು. "ಆಯ್ತಾ ಅಕ್ಕಾ? ಹಾಗಾದ್ರೆ ಹೋಗಿಬಿಡ್ತೀರಾ?"

"ಸಂಜೆ ಕಾಲೇಜು ಕಣಮ್ಮ, ನಾಲ್ಕು ವರ್ಷ. ಬೆಳಿಗ್ಗೆ ನಿನ್ನ ಪಕ್ಕದಲ್ಲೇ ಇರ್ತೀನಿ. ಅಷ್ಟು ಬೇಗ ನನ್ನನ್ನ ಓಡಿಸ್ಬೇಡ."

"ಒಳ್ಳೇದಾಯ್ತು. ಇಲ್ಲೊಂದು ಕಲೆ ಇದೆ, ಎಳೆದೂ ನೋಡ್ದೆ. ಜೊತೆಗೇ ಬರ್ತಿದೆ."

ಹದ್ದಕ್ಕ ಬಗ್ಗಿ ನೋಡಿದಳು. ಸಾಸಿವೆಗಿಂತ ಸಣ್ಣದು. ಅವಳ ಕಣ್ಣಿಗೆ ಅದು ಸಿಗಲು ಒಂದು ಕ್ಷಣ ಹಿಡಿಯಿತು, ಮೊದಲಾಗಿದ್ದರೆ ಆ ಕ್ಷಣವೂ ಬೇಕಾಗುತ್ತಿರಲಿಲ್ಲ. ಪರವಾಗಿಲ್ಲ ಅಂದುಕೊಂಡಳು.

"ಬಟ್ಟೇದೇ," ಅಂದಳು. "ಕಟ್ಟು ದಾರ."