ಮೂರನೇ ಮಂಚದ ಕರೆಗಂಟೆ

ಸರ್ಕಾರಿ ವಿಮೆಯ ರೋಗಿಗಳ ಹೊಸ ವಾರ್ಡಿಗೆ ಸರ್ಕಾರ ಹಾಕಿದ ಷರತ್ತುಗಳು ಹನ್ನೆರಡು. ಕೋಣೆಗೆ ನಾಲ್ಕೇ ಮಂಚ, ನಡುವೆ ಒಂದೂವರೆ ಮೀಟರ್ ಜಾಗ, ಸುತ್ತ ಪರದೆ, ಪ್ರತಿ ಮಂಚಕ್ಕೂ ನರ್ಸನ್ನು ಕರೆಯುವ ಗಂಟೆ. ದಿಯೆಂಗ್ ಬೆಟ್ಟದ ಬುಡದ ಆ ಆಸ್ಪತ್ರೆಯಲ್ಲಿ ಎಲ್ಲವೂ ಸಿದ್ಧವಾಗಿತ್ತು, ಗಂಟೆಯೊಂದನ್ನು ಬಿಟ್ಟು. ವೈರು ಎಳೆದಿದ್ದು ಒಂದನೇ ಮಂಚಕ್ಕೆ ಮಾತ್ರ. ಉಳಿದ ಮೂರಕ್ಕೆ ಗೋಡೆಯ ಮೇಲೆ ಬರೀ ಗುಂಡಿ ಕೂರಿಸಿದ್ದರು!

"ಮುಂದಿನ ವಾರ ಎಳೀತೀನಿ ಬಿಡಿ ಬು ಕುಸ್. ತಪಾಸಣೆಯವರು ಎಲ್ಲಾನೂ ಒತ್ತಿ ನೋಡ್ತಾರಾ?" ಎಂದು ವೈರಿನ ಕೆಲಸದ ತೆಗುಹ್ ಹಲ್ಲು ಕಿಸಿದಿದ್ದ. ಅವನು ಗೌರವದಿಂದ ಬು ಕುಸ್ ಎನ್ನುತ್ತಿದ್ದ ಹಿರಿಯ ನರ್ಸ್ ಕುಸ್ಮಿಯಾತಿಗೆ ಮೈಯೆಲ್ಲ ಉರಿದಿತ್ತು. ಆದರೂ ಆಸ್ಪತ್ರೆಯ ನಿರ್ದೇಶಕರೇ ಸುಮ್ಮನಿದ್ದಾರಲ್ಲ ಎಂದು ಬಾಯಿ ಮುಚ್ಚಿಕೊಂಡಳು.

ಮೂರನೇ ಮಂಚದಲ್ಲಿ ವಾಗಿಮಾನಜ್ಜ. ಹೊಟ್ಟೆಯ ಆಪರೇಷನ್ ಆಗಿ ಎರಡೇ ದಿನ. ಹೆಂಡತಿ ಸಮೀರಾಜ್ಜಿ ಮಂಚದ ಪಕ್ಕ ಚಾಪೆ ಹಾಸಿಕೊಂಡಿದ್ದಳು. ಏನೇ ಬೇಕಾದರೂ ಚಪ್ಪಲಿ ಬಡಿಯುತ್ತ ಓಡಿಬಂದು ನರ್ಸಿನ ತೋಳು ಹಿಡಿಯುವ ಜೀವ ಅದು.

"ಅಜ್ಜಿ, ಇವತ್ತು ದೊಡ್ಡವರು ಬರ್ತಾರೆ. ಅವರು ಹೋಗೋವರೆಗೂ ಹೊರಗೆ ಬರಬೇಡಿ. ಅವರು ಕೇಳಿದ್ರೆ, ಏನ್ ಬೇಕಾದ್ರೂ ಈ ಗುಂಡಿ ಒತ್ತಿ ಕರೀತೀನಿ ಅನ್ನಿ, ಆಯ್ತಾ?" ಎಂದಳು ಕುಸ್ಮಿಯಾತಿ.

"ಅಯ್ಯೋ, ಅಂಥೋರಿಗೆ ನಾನ್ಯಾಕೆ ತೊಂದ್ರೆ ಕೊಡ್ಲಿ ಸಿಸ್ಟರಮ್ಮ? ಪರದೆ ಒಳಗೇ ಇರ್ತೀನಿ."

ಹತ್ತು ಗಂಟೆಗೆ ಬಂದ ತಪಾಸಣಾಧಿಕಾರಿ ಒಂದನೇ ಮಂಚದ ಗುಂಡಿ ಒತ್ತಿದ. ಗಂಟೆ ಮೊಳಗಿತು. ಮೂರನೆಯದರ ಬಳಿ, ನರ್ಸನ್ನು ಹೇಗೆ ಕರೆಯುತ್ತೀರಿ ಎಂದು ಅಜ್ಜಿಯನ್ನೇ ಕೇಳಿದ. ಅಜ್ಜಿ ಗೋಡೆ ತೋರಿಸಿ, "ಇದನ್ನ ಒತ್ತಿದ್ರೆ ಸಿಸ್ಟರಮ್ಮ ಓಡಿ ಬರ್ತಾರೆ" ಎಂದಳು. ಕುಸ್ಮಿಯಾತಿ ತಲೆಯಾಡಿಸಿ ನಕ್ಕಳು.

ತಪಾಸಣೆಯವರು ಹೊರಟ ಕೂಡಲೇ ಅಜ್ಜಿಗೆ ನಿಜ ಹೇಳಿಬಿಡಬೇಕು ಎಂದುಕೊಂಡಿದ್ದಳು. ಹೊರಟರೆ ತಾನೆ? ಕಡತ ಕೇಳಿದರು, ಫೋಟೋ ತೆಗೆಸಿಕೊಂಡರು, ಊಟಕ್ಕೂ ಕೂತರು. ಅನ್ನದ ಪೊಟ್ಟಣ ಹಂಚುವ ಗಡಿಬಿಡಿಯಲ್ಲಿ ಅವಳಿಗೆ ಮರೆತೇಹೋಯಿತು.

ಒಂದು ಗಂಟೆಗೆ ವಾರ್ಡಿಗೆ ಮರಳಿ ಪರದೆ ಸರಿಸಿದಳು. ಹಾಸಿಗೆಯಿಂದ ಇಳಿದ ರಕ್ತ ಚಾಪೆಯನ್ನು ತೋಯಿಸಿತ್ತು. ಒಂದನೇ ಮಂಚದವರನ್ನು ಎಕ್ಸ್‌ರೇಗೆ ಒಯ್ದಿದ್ದರು, ಉಳಿದೆರಡು ಮಂಚ ಖಾಲಿ. ಅಜ್ಜಿ ಒಬ್ಬಳೇ ಗೋಡೆಗೆ ಒರಗಿ ನಿಂತು ಹೆಬ್ಬೆರಳಿನಿಂದ ಗುಂಡಿ ಒತ್ತಿ ಹಿಡಿದಿದ್ದಳು.

ಕುಸ್ಮಿಯಾತಿ ಕಿರುಚಿದಳು. ಡಾಕ್ಟರು ಓಡಿಬಂದರು, ಅರ್ಧ ಗಂಟೆ ಗುದ್ದಾಡಿದರು. ಅಜ್ಜ ಉಳಿಯಲಿಲ್ಲ.

ಸಮೀರಾಜ್ಜಿ ಕುಸ್ಮಿಯಾತಿಯ ಕೈ ಹಿಡಿದುಕೊಂಡಳು. "ತಪ್ಪಾಯ್ತು ಸಿಸ್ಟರಮ್ಮ. ನೀವು ಹೇಳಿಕೊಟ್ರೂ ನಂಗೆ ಸರಿಯಾಗಿ ಒತ್ತೋಕೆ ಬರ್ಲಿಲ್ಲ. ಮೆತ್ತಗೆ ಒತ್ತಿದ್ನೇನೋ."

"ಇಲ್ಲ ಅಜ್ಜಿ, ಇಲ್ಲ! ಅದಕ್ಕೆ ವೈರೇ ಇಲ್ಲ. ನಂಗೆ ಗೊತ್ತಿತ್ತು ಅಜ್ಜಿ, ಗೊತ್ತಿತ್ತು!"

ಅಜ್ಜಿಗೆ ಅದು ಅರ್ಥವಾಗಲಿಲ್ಲ. ಕುಸ್ಮಿಯಾತಿಯ ಮುಖವನ್ನೊಮ್ಮೆ, ಗೋಡೆಯನ್ನೊಮ್ಮೆ ನೋಡಿದಳು. ಆಮೇಲೆ ಗೋಡೆಯ ಬಳಿ ಹೋಗಿ ಗುಂಡಿಯನ್ನು ಮತ್ತೊಮ್ಮೆ ಒತ್ತಿದಳು, ಈ ಸಲ ಎರಡೂ ಕೈಯಿಂದ.